ಕೇದೈನಿಯಾಯ್ ಒಪ್ಪಂದ, 1655: ಪದೇ ಪದೇ ಕೇಳುವ ಪ್ರಶ್ನೆಗಳು

ಪೋಲೆಂಡ್, ಲಿಥುವೇನಿಯಾ, ಸ್ವೀಡನ್ ಎಂದು ಮಾತು ಹೊರಟಾಗಲೆಲ್ಲ 1655ರ ಈ ಒಪ್ಪಂದ ಬಂದೇ ಬರುತ್ತದೆ. ಜೊತೆಗೆ ಕೆಲವು ಪ್ರಶ್ನೆಗಳೂ ಬರುತ್ತವೆ. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದವುಗಳನ್ನು ಇಲ್ಲಿ ಸೇರಿಸಿದ್ದೇನೆ. ಈ ವಿಷಯ ಹೊಸತು ಎನ್ನುವವರು ಮೇಲಿನಿಂದ ಓದಿಕೊಂಡು ಬನ್ನಿ. ಗೊತ್ತಿರುವವರು ನೇರವಾಗಿ ಕೊನೆಯ ಭಾಗಗಳಿಗೆ ಹೋಗಬಹುದು.

ಮೊದಲ ಪರಿಚಯ

ಕೇದೈನಿಯಾಯ್ ಒಪ್ಪಂದ ಅಂದ್ರೆ ಏನು? ಚಿಕ್ಕದಾಗಿ ಹೇಳ್ತೀರಾ?

ಲಿಥುವೇನಿಯಾದ ಸರದಾರರು ಸ್ವೀಡನ್ ದೊರೆ ಹತ್ತನೇ ಕಾರ್ಲ್ ಗುಸ್ತಾವ್‌ನ ಜೊತೆ 1655ರಲ್ಲಿ ಮಾಡಿಕೊಂಡ ಒಪ್ಪಂದ ಇದು. ಆಗ ಲಿಥುವೇನಿಯಾ ಪೋಲೆಂಡಿನ ಜೊತೆ ಒಂದೇ ರಾಜ್ಯವಾಗಿ ಸೇರಿಕೊಂಡಿತ್ತು. ಆ ನಂಟು ಬಿಟ್ಟು ಸ್ವೀಡನ್ನಿನ ರಕ್ಷಣೆಗೆ ಬರುತ್ತೇವೆ, ಕಾರ್ಲ್ ಗುಸ್ತಾವ್‌ನನ್ನೇ ನಮ್ಮ ಗ್ರ್ಯಾಂಡ್ ಡ್ಯೂಕ್ (ಲಿಥುವೇನಿಯಾದ ದೊರೆಯ ಬಿರುದು) ಎಂದು ಒಪ್ಪುತ್ತೇವೆ ಎಂದು ಅವರು ಬರೆದುಕೊಟ್ಟರು. ಮುಂದೆ ನಿಂತು ಇದನ್ನು ಮಾಡಿಸಿದವನು ಯೋನುಷಾಸ್ ರಾದ್ವಿಲಾ. ಒಂದು ವರ್ಷ ತುಂಬುವ ಮೊದಲೇ ಒಪ್ಪಂದ ಸತ್ತುಹೋಯಿತು.

ಲಿಥುವೇನಿಯಾ ಆಗ ಸ್ವತಂತ್ರ ದೇಶವೋ, ಪೋಲೆಂಡಿನ ಒಂದು ಪ್ರಾಂತ್ಯವೋ?

ಎರಡೂ ಅಲ್ಲ. 1569ರಲ್ಲಿ ಲುಬ್ಲಿನ್ ಊರಿನಲ್ಲಿ ಪೋಲೆಂಡ್ ರಾಜ್ಯವೂ ಲಿಥುವೇನಿಯಾದ ಗ್ರ್ಯಾಂಡ್ ಡಚಿಯೂ ಸೇರಿ ಒಂದೇ ಒಕ್ಕೂಟವಾದವು. ರಾಜ ಒಬ್ಬನೇ. ಅವನನ್ನು ಎರಡೂ ಕಡೆಯ ಸರದಾರರು ಸೇರಿ ಚುನಾಯಿಸುತ್ತಿದ್ದರು. ಸೆಯ್ಮ್ ಎಂಬ ಸಭೆಯೂ ಒಂದೇ. ಆದರೆ ಲಿಥುವೇನಿಯಾಕ್ಕೆ ತನ್ನದೇ ಸೈನ್ಯ ಇತ್ತು, ತನ್ನದೇ ಖಜಾನೆ ಇತ್ತು, 1588ರಲ್ಲಿ ಪರಿಷ್ಕರಿಸಿದ ತನ್ನದೇ ಕಾನೂನು ಸಂಹಿತೆ ಇತ್ತು. ಸೇನಾಧಿಪತಿ, ಖಜಾಂಚಿ, ಚಾನ್ಸಲರ್ ಎಲ್ಲರೂ ಬೇರೆಯವರೇ.

ಇನ್ನೊಂದು ಮಾತು. ಈಗಿನ ಪುಟ್ಟ ಲಿಥುವೇನಿಯಾವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಈ ಕಥೆ ಓದಿದರೆ ಗೊಂದಲವಾಗುತ್ತದೆ. ಅಂದಿನ ಗ್ರ್ಯಾಂಡ್ ಡಚಿಯಲ್ಲಿ ಇಂದಿನ ಬೆಲಾರುಸ್ ಹೆಚ್ಚೂಕಡಿಮೆ ಪೂರ್ತಿ ಸೇರಿತ್ತು, ಸ್ಮೊಲೆನ್ಸ್ಕ್ ಕೂಡ ಇತ್ತು. ಪೂರ್ವದ ಗಡಿ ನೇರವಾಗಿ ಮಾಸ್ಕೋ ರಾಜ್ಯಕ್ಕೆ, ಅಂದರೆ ಅಂದಿನ ರಷ್ಯಾಕ್ಕೆ, ತಾಗಿತ್ತು. ಯುದ್ಧ ಬಂದಾಗ ಪೋಲೆಂಡಿಗಿಂತ ಮೊದಲು ಪೆಟ್ಟು ಬೀಳುತ್ತಿದ್ದುದು ಇಲ್ಲಿಗೇ.

ಈ ರಾದ್ವಿಲಾಗಳು ಯಾರು? ಒಂದು ಮನೆತನಕ್ಕೆ ಅಷ್ಟು ಬಲ ಹೇಗೆ ಬಂತು?

ಲಿಥುವೇನಿಯಾದಲ್ಲಿ ರಾಜನ ನಂತರ ಹೆಸರು ಕೇಳಿಬರುತ್ತಿದ್ದ ಮನೆತನ ಇವರದು. ಪೋಲಿಷ್ ಪುಸ್ತಕಗಳಲ್ಲಿ ಇವರನ್ನು ರಾಜಿವಿಲ್ ಎಂದೂ, ಯೋನುಷಾಸ್‌ನನ್ನು ಯಾನುಷ್ ಎಂದೂ ಬರೆದಿರುತ್ತಾರೆ. ಹುಡುಕುವಾಗ ಇದು ನೆನಪಿರಲಿ. ಸ್ವಂತ ಊರುಗಳು, ಸ್ವಂತ ಕೋಟೆಗಳು, ಸ್ವಂತ ಸಿಪಾಯಿಗಳು ಇವರಿಗಿದ್ದರು. ಇವರ ಮನೆಯ ಹೆಣ್ಣುಮಗಳು ಬಾರ್ಬೊರಾ 16ನೇ ಶತಮಾನದಲ್ಲಿ ಪೋಲೆಂಡಿನ ರಾಣಿಯೇ ಆಗಿದ್ದಳು. ಮನೆತನದಲ್ಲಿ ಎರಡು ಕವಲು. ನೆಸ್ವಿಝ್ ಕಡೆಯವರು ಕ್ಯಾಥೊಲಿಕರು, ಬಿರ್ಝೈ ಕಡೆಯವರು ಕ್ಯಾಲ್ವಿನ್ ಪಂಥದ ಪ್ರಾಟೆಸ್ಟೆಂಟರು.

ನಮ್ಮ ಕಥೆಯ ಯೋನುಷಾಸ್ ಹುಟ್ಟಿದ್ದು 1612ರಲ್ಲಿ, ಬಿರ್ಝೈ ಕವಲಿನಲ್ಲಿ. ಜರ್ಮನಿಯಲ್ಲೂ ಹಾಲೆಂಡಿನ ಲೈಡನ್ನಿನಲ್ಲೂ ಓದಿದವನು. 1649ರಲ್ಲೂ 1651ರಲ್ಲೂ ಲೊಯೆವ್ ಬಳಿ ಉಕ್ರೇನಿನ ಯೋಧ ಸಮುದಾಯವಾದ ಕೊಸಾಕರನ್ನು ಸೋಲಿಸಿದ. 1651ರಲ್ಲಿ ಕೀವ್ ನಗರವನ್ನೇ ಹಿಡಿದ. ಅವನ ಎರಡನೇ ಹೆಂಡತಿ ಮರಿಯಾ ಮಾಲ್ಡೇವಿಯಾದ ದೊರೆ ವಾಸಿಲೆ ಲುಪುವಿನ ಮಗಳು. ಒಪ್ಪಂದದ ಇನ್ನೊಬ್ಬ ಮುಖ್ಯ ಪಾತ್ರಧಾರಿ ಬೊಗುಸ್ಲಾವಾಸ್ ರಾದ್ವಿಲಾ, ಯೋನುಷಾಸ್‌ನ ದೊಡ್ಡಪ್ಪನ ಮಗ.

ರಾಜಧಾನಿ ವಿಲ್ನಿಯಸ್ ಬಿಟ್ಟು ಕೇದೈನಿಯಾಯ್‌ನಲ್ಲಿ ಯಾಕೆ?

ವಿಲ್ನಿಯಸ್ ಅಷ್ಟರಲ್ಲಿ ಕೈತಪ್ಪಿ ಹೋಗಿತ್ತು. ಕೇದೈನಿಯಾಯ್ ಇರುವುದು ಕೌನಾಸ್‌ನಿಂದ ಉತ್ತರಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿ, ನೆವೆಜಿಸ್ ನದಿಯ ದಡದಲ್ಲಿ. ಅದು ರಾದ್ವಿಲಾಗಳ ಸ್ವಂತ ಪಟ್ಟಣ. ಸ್ವೀಡಿಷ್ ಸೈನ್ಯ ಇದ್ದ ರೀಗಾ ಕಡೆಗೂ ಅಲ್ಲಿಂದ ದಾರಿ ಇತ್ತು.

ಆ ಊರಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಲಿಥುವೇನಿಯನ್ನರು, ಜರ್ಮನ್ನರು, ಯಹೂದಿಗಳು, ಪೋಲಿಷರು ಮಾತ್ರವಲ್ಲ, ಸ್ಕಾಟ್ಲೆಂಡಿನಿಂದ ಬಂದು ನೆಲೆಸಿದ ವ್ಯಾಪಾರಿಗಳೂ ಅಲ್ಲಿದ್ದರು. ಯೋನುಷಾಸ್‌ನ ಕಾಲದಲ್ಲಿ ಅಲ್ಲಿ ಅಚ್ಚುಕೂಟ ಬಂತು. 1653ರಲ್ಲಿ ಲಿಥುವೇನಿಯನ್ ಭಾಷೆಯಲ್ಲೇ ಪ್ರಾಟೆಸ್ಟೆಂಟರ ಪ್ರಾರ್ಥನೆ, ಹಾಡುಗಳ ಪುಸ್ತಕ ಅಲ್ಲಿ ಅಚ್ಚಾಯಿತು. ಸರದಾರರೆಲ್ಲ ಪೋಲಿಷ್ ಆಡುತ್ತಿದ್ದ ಕಾಲದಲ್ಲಿ ಹಳ್ಳಿಯ ಜನರ ಭಾಷೆಗೆ ಅಚ್ಚುಮೊಳೆ ಸಿಕ್ಕಿದ್ದು ಸಣ್ಣ ಸಂಗತಿ ಅಲ್ಲ. ಎರಡೇ ವರ್ಷಗಳ ನಂತರ ಅದೇ ಊರು ಸೈನ್ಯದ ಬಿಡಾರವಾಯಿತು.

1655ರಲ್ಲಿ ನಡೆದದ್ದು

ಇದ್ದಕ್ಕಿದ್ದಂತೆ ಸ್ವೀಡನ್ ದೊರೆಯ ಬಾಗಿಲು ಬಡಿಯುವಷ್ಟು ಏನಾಗಿತ್ತು?

ಇದ್ದಕ್ಕಿದ್ದಂತೆ ಏನೂ ಆಗಲಿಲ್ಲ. 1648ರಲ್ಲಿ ಉಕ್ರೇನಿನಲ್ಲಿ ಬೊಹ್ದಾನ್ ಖ್ಮೆಲ್ನಿತ್ಸ್ಕಿ ಕೊಸಾಕರನ್ನು ಕಟ್ಟಿಕೊಂಡು ದಂಗೆ ಎದ್ದ. 1654ರ ಜನವರಿಯಲ್ಲಿ ಪೆರೆಯಾಸ್ಲಾವ್‌ನಲ್ಲಿ ಅವನು ಮಾಸ್ಕೋದ ತ್ಸಾರ್ ಅಲೆಕ್ಸೆಯ್‌ಗೆ ನಿಷ್ಠೆ ಒಪ್ಪಿಸಿದ. ಅದೇ ವರ್ಷ ತ್ಸಾರನ ಸೈನ್ಯ ಲಿಥುವೇನಿಯಾದೊಳಗೆ ನುಗ್ಗಿತು. 1654ರ ಆಗಸ್ಟಿನಲ್ಲಿ ಶ್ಕ್ಲೋವ್ ಬಳಿ ರಾದ್ವಿಲಾ ಒಮ್ಮೆ ಗೆದ್ದ. ಕೆಲವೇ ದಿನಗಳಲ್ಲಿ ಶೆಪೆಲೆವಿಚಿ ಬಳಿ ಭಾರಿ ಸೋಲು ಕಂಡ. ಆ ಶರತ್ಕಾಲದಲ್ಲಿ ಸ್ಮೊಲೆನ್ಸ್ಕ್ ಶರಣಾಯಿತು. ಮರುವರ್ಷದ ಶುರುವಿನಲ್ಲಿ ಮೊಗಿಲೆವ್ ನಗರವನ್ನು ವಾಪಸ್ ಪಡೆಯಲು ಹೋಗಿ ರಾದ್ವಿಲಾ ಬರಿಗೈಯಲ್ಲಿ ಹಿಂದಿರುಗಿದ.

ಆಮೇಲೆ ಬಂದದ್ದು 1655ರ ಆಗಸ್ಟ್ 8. ಅಂದು ರಷ್ಯನ್ನರೂ ಕೊಸಾಕರೂ ವಿಲ್ನಿಯಸ್ ಹಿಡಿದರು. ಪರದೇಶದ ಸೈನ್ಯವೊಂದು ಆ ನಗರವನ್ನು ಪೂರ್ತಿ ವಶ ಮಾಡಿಕೊಂಡದ್ದು ಅದೇ ಮೊದಲು. ಕೊಲೆ, ಲೂಟಿ ನಡೆದವು. ಊರು ದಿನಗಟ್ಟಲೆ ಉರಿಯಿತು. ಕೌನಾಸ್, ಗ್ರೋಡ್ನೋ ಕೂಡ ಅದೇ ತಿಂಗಳು ಹೋದವು. ಕೌನಾಸ್‌ನಿಂದ ಕೇದೈನಿಯಾಯ್ ಎಷ್ಟು ಹತ್ತಿರ ಎಂದು ಮೇಲೆ ಹೇಳಿದೆ. ಶತ್ರು ಎರಡು ದಿನದ ನಡಿಗೆಯಷ್ಟು ದೂರದಲ್ಲಿ ಇರುವಾಗ ಕೂತು ಬರೆದ ಕಾಗದ ಇದು. ಆ ಹೆದರಿಕೆಯನ್ನು ಪಕ್ಕಕ್ಕಿಟ್ಟು ಇದನ್ನು ಓದಲಾಗದು.

ಪೋಲೆಂಡಿನ ರಾಜ ಏನು ಮಾಡುತ್ತಿದ್ದ? ಸಹಾಯಕ್ಕೆ ಬರಲಿಲ್ಲವಾ?

ರಾಜ ಯಾನ್ ಕಾಜಿಮಿಯೆಷ್ ತಾನೇ ಕಷ್ಟದಲ್ಲಿದ್ದ. ದಕ್ಷಿಣದಲ್ಲಿ ಕೊಸಾಕರ ಯುದ್ಧ ಮುಗಿದಿರಲಿಲ್ಲ. 1655ರ ಜುಲೈನಲ್ಲಿ ಪಶ್ಚಿಮದಿಂದ ಸ್ವೀಡಿಷ್ ಸೈನ್ಯವೂ ಒಳಗೆ ಬಂತು. ಸೆಪ್ಟೆಂಬರ್ 8ಕ್ಕೆ ವಾರ್ಸಾ ಬಿತ್ತು. ಅಕ್ಟೋಬರಿನಲ್ಲಿ ಕ್ರಾಕೋವ್ ಬಿತ್ತು. ರಾಜ ಗಡಿ ದಾಟಿ ಸೈಲೀಸಿಯಾ ಸೇರಿಕೊಂಡ.

ರಾಜನಿಗೂ ರಾದ್ವಿಲಾಗೂ ಮೊದಲಿನಿಂದಲೇ ಆಗಿಬರುತ್ತಿರಲಿಲ್ಲ. 1652ರ ಸೆಯ್ಮ್ ಸಭೆಯನ್ನು ಒಬ್ಬನೇ ಒಬ್ಬ ಸದಸ್ಯ, ವ್ಲಾದಿಸ್ಲಾವ್ ಸಿಚಿನ್‌ಸ್ಕಿ, ಒಲ್ಲೆ ಎಂದು ಮುರಿದುಹಾಕಿದ. ಒಬ್ಬನ ಆಕ್ಷೇಪಣೆಯಿಂದ ಇಡೀ ಸಭೆ ನಿಂತುಹೋಗುವ ಕೆಟ್ಟ ಪದ್ಧತಿ ಶುರುವಾದದ್ದು ಅಲ್ಲಿಂದ. ಸಿಚಿನ್‌ಸ್ಕಿ ರಾದ್ವಿಲಾನ ಕಡೆಯವನು. ರಾಜನೂ ಸುಮ್ಮನಿರಲಿಲ್ಲ. ಲಿಥುವೇನಿಯಾದ ಮಹಾದಂಡನಾಯಕನ ಹುದ್ದೆ 1654ರಲ್ಲಿ ಖಾಲಿಯಾದಾಗ ಅದನ್ನು ರಾದ್ವಿಲಾಗೆ ಕೊಡಲು ಮೀನ ಮೇಷ ಎಣಿಸಿದ. ಕೊಡುವಾಗಲೂ ಎರಡನೇ ದಂಡನಾಯಕನಾಗಿ ತನ್ನ ನಂಬಿಕೆಯ ವಿನ್ಸೆಂಟಿ ಗೊಸಿಯೆವ್‌ಸ್ಕಿಯನ್ನು ಪಕ್ಕದಲ್ಲೇ ಇಟ್ಟ. ಮನೆಗೆ ಬೆಂಕಿ ಬಿದ್ದ ಹೊತ್ತಿನಲ್ಲಿ ಇಬ್ಬರು ಸೇನಾಪತಿಗಳು ಒಬ್ಬರನ್ನೊಬ್ಬರು ನಂಬದೆ ಕೂತಿದ್ದರು.

ಸ್ವೀಡನ್ನಿಗೆ ಇದರಲ್ಲಿ ಏನು ಲಾಭ?

ಕಾರ್ಲ್ ಗುಸ್ತಾವ್ 1654ರಲ್ಲಿ, ರಾಣಿ ಕ್ರಿಸ್ಟೀನಾ ಸಿಂಹಾಸನ ಬಿಟ್ಟಾಗ, ರಾಜನಾದವನು. ಮೂವತ್ತು ವರ್ಷಗಳ ಯುದ್ಧದಲ್ಲಿ ಪಳಗಿದ ಸೈನ್ಯ ಅವನ ಕೈಗೆ ಬಂತು, ಅದನ್ನು ಸಾಕುವಷ್ಟು ದುಡ್ಡು ಮಾತ್ರ ಬರಲಿಲ್ಲ. ಪರದೇಶದ ನೆಲದಲ್ಲಿ ಇದ್ದರೆ ಆ ಸೈನ್ಯದ ಖರ್ಚು ಅಲ್ಲಿನವರ ಮೇಲೆ ಬೀಳುತ್ತಿತ್ತು. ಬಾಲ್ಟಿಕ್ ಸಮುದ್ರದ ಬಂದರುಗಳೆಲ್ಲ ತನ್ನ ಕೈಯಲ್ಲಿರಬೇಕು, ಅಲ್ಲಿನ ಸುಂಕ ತನಗೇ ಬರಬೇಕು ಎಂಬುದು ಸ್ವೀಡನ್ನಿನ ಹಳೆಯ ಆಸೆ. ರಷ್ಯನ್ನರು ಆ ಕರಾವಳಿಗೆ ಬಂದು ತಲುಪುವುದು ಅದಕ್ಕೆ ಬೇಡವಾಗಿತ್ತು.

ಇದರ ಜೊತೆ ಮನೆಯೊಳಗಿನ ಜಗಳವೂ ಇತ್ತು. ಪೋಲೆಂಡಿನ ವಾಸಾ ರಾಜರು ಸ್ವೀಡನ್ ರಾಜಮನೆತನದವರೇ. 1599ರಲ್ಲಿ ಸ್ವೀಡನ್ನಿನ ಪಟ್ಟ ಕಳೆದುಕೊಂಡರೂ ಆ ಹಕ್ಕನ್ನು ಅವರು ಬಿಟ್ಟುಕೊಟ್ಟಿರಲಿಲ್ಲ. ಯಾನ್ ಕಾಜಿಮಿಯೆಷ್ 1655ರಲ್ಲೂ ತನ್ನನ್ನು ಸ್ವೀಡನ್ನಿನ ರಾಜ ಎಂದೇ ಬರೆದುಕೊಳ್ಳುತ್ತಿದ್ದ.

ಒಪ್ಪಂದ ಒಂದೋ ಎರಡೋ? ಕೆಲವರು ಆಗಸ್ಟ್ ಅಂತಾರೆ, ಕೆಲವರು ಅಕ್ಟೋಬರ್ ಅಂತಾರೆ.

ಎರಡು. ಎರಡನ್ನೂ ಒಂದೇ ಎಂದುಕೊಳ್ಳುವುದರಿಂದ ಜಾಸ್ತಿ ಗೊಂದಲ ಆಗುತ್ತದೆ.

ಜುಲೈ ಕೊನೆಯಲ್ಲಿ ರೀಗಾದ ಕಡೆ ಪತ್ರ ಹೋಯಿತು. ಅಲ್ಲಿ ಸ್ವೀಡನ್ನಿನ ಪರವಾಗಿ ಲಿವೋನಿಯಾದ (ಇಂದಿನ ಲಾಟ್ವಿಯಾ, ಎಸ್ಟೋನಿಯಾಗಳ ನೆಲ) ರಾಜ್ಯಪಾಲ ಮಾಗ್ನುಸ್ ಗಾಬ್ರಿಯೆಲ್ ದೆ ಲಾ ಗಾರ್ಡಿ ಇದ್ದ. ಆಗಸ್ಟ್ 17ರಂದು, ವಿಲ್ನಿಯಸ್ ಬಿದ್ದು ಒಂಬತ್ತು ದಿನಕ್ಕೆ, ಕೇದೈನಿಯಾಯ್‌ನಲ್ಲಿ ಮೊದಲ ಒಪ್ಪಂದ. ಅದರ ತಿರುಳು ರಕ್ಷಣೆ. ನಾವು ಸ್ವೀಡನ್ನಿನ ಆಶ್ರಯಕ್ಕೆ ಬರುತ್ತೇವೆ, ನೀವು ನಮ್ಮನ್ನು ಮಾಸ್ಕೋದಿಂದ ಕಾಯಿರಿ ಎಂಬುದು ಸರದಾರರ ಲೆಕ್ಕ. ಪೋಲೆಂಡಿನ ಜೊತೆ ಸರಿಸಮಾನರಾಗಿ ಇದ್ದ ಹಾಗೇ ಸ್ವೀಡನ್ನಿನ ಜೊತೆಗೂ ಇರುತ್ತೇವೆ ಎಂದು ಅವರು ಅಂದುಕೊಂಡಿದ್ದರು.

ಅಕ್ಟೋಬರ್ 20ರ ಎರಡನೆಯದು ಬಹಳ ದೂರ ಹೋಯಿತು. ಸ್ವೀಡನ್ನಿನ ಪರವಾಗಿ ಆಗ ಬೆಂಗ್ಟ್ ಸ್ಕಿಟ್ಟೆ ಕೂಡ ಮಾತುಕತೆಗೆ ಬಂದಿದ್ದ. ಪೋಲೆಂಡಿನ ನಂಟು ಮುಗಿಯಿತು, ಕಾರ್ಲ್ ಗುಸ್ತಾವ್ ಮತ್ತು ಅವನ ನಂತರ ಬರುವ ಸ್ವೀಡನ್ ರಾಜರೇ ಲಿಥುವೇನಿಯಾದ ಗ್ರ್ಯಾಂಡ್ ಡ್ಯೂಕರು ಎಂದು ಇದರಲ್ಲಿ ಬಂತು. ರಾಜನನ್ನು ಚುನಾಯಿಸುವ ಹಕ್ಕನ್ನು ಪ್ರಾಣದಂತೆ ಕಾಯ್ದುಕೊಂಡಿದ್ದ ಸರದಾರರು ವಂಶಪಾರಂಪರ್ಯದ ದೊರೆಯನ್ನು ಒಪ್ಪಿದರು. ಬದಲಿಗೆ ಅವರ ಆಸ್ತಿ, ಹುದ್ದೆ, ಕಾನೂನು, ಧರ್ಮ ಹಾಗೇ ಉಳಿಯುತ್ತವೆ, ರಷ್ಯನ್ನರು ಹಿಡಿದ ನೆಲ ವಾಪಸ್ ಬರುತ್ತದೆ ಎಂಬ ಭರವಸೆ. ರಾದ್ವಿಲಾ ಮನೆತನಕ್ಕೆ ಲಿಥುವೇನಿಯಾದೊಳಗೇ ಸ್ವಂತ ಸಂಸ್ಥಾನಗಳು ಸಿಗುವ ಮಾತೂ ಇತ್ತು.

ಆಗಸ್ಟಿನಿಂದ ಅಕ್ಟೋಬರಿಗೆ ಎರಡೇ ತಿಂಗಳು. ಅಷ್ಟರಲ್ಲಿ ವಾರ್ಸಾ ಬಿದ್ದಿತ್ತು, ರಾಜ ದೇಶ ಬಿಟ್ಟಿದ್ದ. ಚೌಕಾಸಿ ಮಾಡುವ ಶಕ್ತಿ ಸರದಾರರಿಗೆ ಆಗಸ್ಟಿನಲ್ಲಿ ಸ್ವಲ್ಪವಾದರೂ ಇತ್ತು. ಅಕ್ಟೋಬರಿನಲ್ಲಿ ಉಳಿದಿರಲಿಲ್ಲ.

ಎಷ್ಟು ಜನ ಸಹಿ ಹಾಕಿದರು? ಮನಸಾರೆ ಹಾಕಿದರಾ, ಹೆದರಿ ಹಾಕಿದರಾ?

ಆಗಸ್ಟಿನಲ್ಲಿ ನೂರಾರು ಜನ, ಅಕ್ಟೋಬರಿನಲ್ಲಿ ಸಾವಿರಕ್ಕೂ ಹೆಚ್ಚು. ಹಾಗಾಗಿ ಒಬ್ಬ ರಾದ್ವಿಲಾನ ಗುಟ್ಟಿನ ವ್ಯವಹಾರ ಎಂಬ ಮಾತು ನಿಲ್ಲುವುದಿಲ್ಲ. ಪಶ್ಚಿಮದ ಝೆಮೈತಿಯಾ ಪ್ರಾಂತ್ಯದ ಸರದಾರರು ಸಹಿ ಹಾಕಿದರು. ರಷ್ಯನ್ನರ ಕೈಗೆ ಹೋದ ಪೂರ್ವದ ಜಿಲ್ಲೆಗಳಿಂದ ಓಡಿ ಬಂದವರೂ ಹಾಕಿದರು. ಊರು, ಹೊಲ, ಮನೆ ಕಳೆದುಕೊಂಡವರಿಗೆ ಅದನ್ನು ವಾಪಸ್ ಕೊಡಿಸುತ್ತೇನೆ ಎನ್ನುವ ಒಬ್ಬ ದೊರೆ ಸಿಕ್ಕಿದ್ದ.

ಹಾಗಂತ ಎಲ್ಲರೂ ಸ್ವಂತ ಇಷ್ಟದಿಂದ ಬಂದರು ಎಂದೂ ಹೇಳಲಾರೆ. ಸಹಿ ನಡೆದದ್ದು ಸೈನ್ಯದ ಬಿಡಾರದ ಬಳಿ, ಸುತ್ತ ಸಿಪಾಯಿಗಳು ಇದ್ದ ಕಡೆ. ಎದುರಾಡಿದ ಗೊಸಿಯೆವ್‌ಸ್ಕಿಯನ್ನು ರಾದ್ವಿಲಾ ಸೆರೆ ಹಿಡಿಸಿ ಸ್ವೀಡಿಷರಿಗೆ ಒಪ್ಪಿಸಿದ. ದೇಶದ ಎರಡನೇ ದಂಡನಾಯಕನಿಗೇ ಈ ಗತಿ ಆದರೆ ಸಣ್ಣಪುಟ್ಟ ಜಮೀನ್ದಾರ ಬೇಡ ಎನ್ನಲು ಎಷ್ಟು ಧೈರ್ಯ ಬೇಕು, ಅಲ್ವಾ? ರಾದ್ವಿಲಾ ಮಾಡಿದ್ದರಲ್ಲಿ ನನಗೆ ಒಪ್ಪಲಾಗದ ಕೆಲಸ ಇದು. ಇದರಿಂದ ಅವನಿಗೇ ನಷ್ಟವಾಯಿತು.

ಇದು ಪ್ರಾಟೆಸ್ಟೆಂಟರ ಪಿತೂರಿ ತಾನೇ?

ಅಲ್ಲ. ರಾದ್ವಿಲಾ ಕ್ಯಾಲ್ವಿನ್ ಪಂಥದವನು, ಸ್ವೀಡನ್ ಲೂಥರನ್ ಪಂಥದ ಪ್ರಾಟೆಸ್ಟೆಂಟ್ ರಾಜ್ಯ ಎನ್ನುವುದು ನಿಜ. ಕ್ಯಾಥೊಲಿಕ್ ರಾಜ್ಯದಲ್ಲಿ ಪ್ರಾಟೆಸ್ಟೆಂಟರ ಜಾಗ ಕಿರಿದಾಗುತ್ತಾ ಬಂದಿದ್ದೂ ನಿಜ. ಆದರೆ ಶುರುವಿನ ಪತ್ರವ್ಯವಹಾರದಲ್ಲಿ ವಿಲ್ನಿಯಸ್ಸಿನ ಕ್ಯಾಥೊಲಿಕ್ ಬಿಷಪ್ ಯೆಜಿ ತಿಷ್ಕಿಯೆವಿಚ್ ಕೂಡ ರಾದ್ವಿಲಾ ಜೊತೆಗಿದ್ದ. ಸಹಿ ಹಾಕಿದವರಲ್ಲಿ ಕ್ಯಾಥೊಲಿಕರು ದಂಡಿಯಾಗಿದ್ದರು. ಧರ್ಮಕ್ಕೆ ಕೈ ಹಾಕುವುದಿಲ್ಲ ಎಂಬ ಮಾತನ್ನು ಒಪ್ಪಂದದಲ್ಲಿ ಸೇರಿಸಿದ್ದು ಅವರಿಗಾಗಿಯೇ. ಧರ್ಮದ ಬಣ್ಣ ಗಾಢವಾದದ್ದು ಆಮೇಲೆ. 1655ರ ನವೆಂಬರ್ 18ರಿಂದ ಡಿಸೆಂಬರ್ 27ರವರೆಗೆ ಸ್ವೀಡಿಷರು ಪೋಲೆಂಡಿನ ಯಾಸ್ನಾ ಗೂರಾ ಮಠಕ್ಕೆ ಮುತ್ತಿಗೆ ಹಾಕಿ ಸೋತು ಹೋದರು. ಅಲ್ಲಿ ಮೇರಿ ಮಾತೆಯ ಚಿತ್ರವಿದೆ. ಆ ಸುದ್ದಿ ಹರಡಿದ ಮೇಲೆ ಯುದ್ಧಕ್ಕೆ ಧರ್ಮಯುದ್ಧದ ಹುರುಪು ಬಂತು.

ಒಪ್ಪಂದ ಮುರಿದ ಬಗೆ

ಎಷ್ಟು ದಿನ ಬಾಳಿತು? ಯಾರು ಮುರಿದರು?

ಎರಡು ಕಡೆಯಿಂದ ಮುರಿಯಿತು. ಮೊದಲು ಸೈನ್ಯ. ಆಗಸ್ಟ್ 23ರಂದೇ, ಮೊದಲ ಒಪ್ಪಂದ ಆಗಿ ವಾರ ಕಳೆಯುವ ಮೊದಲೇ, ಲಿಥುವೇನಿಯಾದ ಸೈನ್ಯದ ಒಂದು ದೊಡ್ಡ ಭಾಗ ವಿರ್ಬಾಲಿಸ್‌ನಲ್ಲಿ ಸೇರಿ ನಾವು ರಾಜ ಯಾನ್ ಕಾಜಿಮಿಯೆಷ್‌ಗೇ ನಿಷ್ಠರು ಎಂದು ಸಾರಿತು. ಇವರಿಗೆ ಮುಂದೆ ನಾಯಕನಾದವನು ಪಾವೆಲ್ ಸಾಪಿಯೆಹಾ. ಸಾಪಿಯೆಹಾ ಮನೆತನಕ್ಕೂ ರಾದ್ವಿಲಾ ಮನೆತನಕ್ಕೂ ತಲೆಮಾರುಗಳ ಪೈಪೋಟಿ ಇತ್ತು.

ಆಮೇಲೆ ಜನ. ಸ್ವೀಡಿಷ್ ಸೈನ್ಯ ಝೆಮೈತಿಯಾದಲ್ಲಿ ಬಿಡಾರ ಹೂಡಿತು. ಸಿಪಾಯಿಗೆ ಊಟ, ಕುದುರೆಗೆ ಮೇವು, ಅದರ ಮೇಲೆ ನಗದು. ಎಲ್ಲವನ್ನೂ ಕೊಡಬೇಕಾದವರು ಅಲ್ಲಿನ ಹಳ್ಳಿಗರು, ಜಮೀನ್ದಾರರು. ಕಾಯಲು ಬಂದವರೇ ಚಳಿಗಾಲದ ದವಸ ತಿಂದು ಮುಗಿಸಿದರು. 1656ರ ವಸಂತದಲ್ಲಿ ಝೆಮೈತಿಯಾ ದಂಗೆ ಎದ್ದಿತು. ಅಲ್ಲಲ್ಲಿ ಚದುರಿದ್ದ ಸ್ವೀಡಿಷ್ ಠಾಣೆಗಳ ಮೇಲೆ ಜನ ಬಿದ್ದರು. ಒಪ್ಪಂದಕ್ಕೆ ಸಹಿ ಹಾಕಿದ್ದ ಪ್ರಾಂತ್ಯವೇ ಅದು. ದೆ ಲಾ ಗಾರ್ಡಿ ರೀಗಾ ಕಡೆಗೆ ಹಿಂದೆ ಸರಿದ. ಕಾಗದದ ಮೇಲಿನ ಸ್ವೀಡನ್–ಲಿಥುವೇನಿಯಾ ಒಕ್ಕೂಟ ಅಲ್ಲಿಗೆ ಮುಗಿಯಿತು.

ಸ್ವೀಡಿಷರು ಮಾತು ಕೊಟ್ಟ ಹಾಗೆ ರಷ್ಯನ್ನರ ಮೇಲೆ ಯಾಕೆ ಹೋಗಲಿಲ್ಲ?

ಒಪ್ಪಂದ ಸೋತ ಕಾರಣ ಹುಡುಕುವವರು ಇಲ್ಲಿ ನಿಲ್ಲಬೇಕು. ಸರದಾರರಿಗೆ ಬೇಕಿದ್ದುದು ಒಂದೇ: ಮಾಸ್ಕೋ ವಿರುದ್ಧ ಒಂದು ಸೈನ್ಯ. ಕಾರ್ಲ್ ಗುಸ್ತಾವ್‌ಗೆ ಬೇಡದಿದ್ದುದೂ ಅದೇ. 1617ರ ಸ್ತೊಲ್ಬೊವೊ ಶಾಂತಿ ಒಪ್ಪಂದದಿಂದ ಸ್ವೀಡನ್ನಿಗೂ ಮಾಸ್ಕೋಗೂ ನಡುವೆ ಶಾಂತಿ ಇತ್ತು. ಅವನ ಮುಖ್ಯ ಸೈನ್ಯ ಪೋಲೆಂಡಿನೊಳಗೆ ಸಿಕ್ಕಿಕೊಂಡಿತ್ತು. ರಷ್ಯನ್ನರ ಜೊತೆ ಸುಮ್ನೆ ಜಗಳ ತೆಗೆಯಬೇಡಿ ಎಂಬುದೇ ಅವನ ಕಡೆಯ ನೀತಿ. ವಿಲ್ನಿಯಸ್ ವಾಪಸ್ ಪಡೆಯಲು ಒಬ್ಬ ಸ್ವೀಡಿಷ್ ಸಿಪಾಯಿಯೂ ಹೊರಡಲಿಲ್ಲ.

ಕೊನೆಗೆ ಯುದ್ಧ ತಾನಾಗಿಯೇ ಬಂತು. 1656ರಲ್ಲಿ ತ್ಸಾರನೇ ಸ್ವೀಡನ್ನಿನ ಮೇಲೆ ಯುದ್ಧ ಸಾರಿದ, ಆಗಸ್ಟಿನಲ್ಲಿ ರೀಗಾಕ್ಕೆ ಮುತ್ತಿಗೆ ಹಾಕಿದ. ಅಷ್ಟರಲ್ಲಿ ಲಿಥುವೇನಿಯಾದಲ್ಲಿ ಸ್ವೀಡನ್ನಿನ ಪರ ನಿಲ್ಲುವವರು ಉಳಿದಿರಲಿಲ್ಲ. ಅದೇ ನವೆಂಬರಿನಲ್ಲಿ ಪೋಲೆಂಡ್–ಲಿಥುವೇನಿಯಾ ಒಕ್ಕೂಟ ವಿಲ್ನಿಯಸ್ ಪಕ್ಕದ ನೆಮೆಜಿಸ್‌ನಲ್ಲಿ ಮಾಸ್ಕೋ ಜೊತೆಗೇ ಕದನವಿರಾಮ ಮಾಡಿಕೊಂಡಿತು.

ಯೋನುಷಾಸ್ ರಾದ್ವಿಲಾ ಕೊನೆಗೆ ಏನಾದ?

ಸೈನ್ಯ ಕೈಬಿಟ್ಟ ಮೇಲೆ ಅವನು ತಿಕೊಚಿನ್ ಕೋಟೆ ಸೇರಿದ. ಈಗ ಅದು ಪೋಲೆಂಡಿನ ಈಶಾನ್ಯದಲ್ಲಿದೆ. ತನ್ನದೇ ದೇಶದ ಪಡೆಗಳು ಕೋಟೆಯನ್ನು ಸುತ್ತುವರಿದಿದ್ದವು. ಅಲ್ಲೇ 1655ರ ಡಿಸೆಂಬರ್ 31ರಂದು, 43ನೇ ವಯಸ್ಸಿನಲ್ಲಿ ತೀರಿಕೊಂಡ. ಅಕ್ಟೋಬರಿನ ಸಹಿಯ ಶಾಯಿ ಒಣಗಿ ಎರಡೂವರೆ ತಿಂಗಳೂ ಆಗಿರಲಿಲ್ಲ. ಸಾಪಿಯೆಹಾನ ಪಡೆ ತಿಕೊಚಿನ್ ಹಿಡಿದದ್ದು 1657ರ ಜನವರಿಯಲ್ಲಿ.

ಬೊಗುಸ್ಲಾವಾಸ್? ಅವನಿಗೂ ಅದೇ ಗತಿಯಾ?

ಇಲ್ಲ, ಅವನು ಬಚಾವಾದ. ಸ್ವೀಡನ್ನಿನ ಪರವಾಗಿ, ಬ್ರಾಂಡೆನ್‌ಬರ್ಗ್‌ನ ದೊರೆಯ ಪರವಾಗಿ ಹೋರಾಡಿದ. 1656ರ ಅಕ್ಟೋಬರ್ 8ರಂದು ಪ್ರೊಸ್ತ್ಕಿ ಕದನದಲ್ಲಿ ಸೆರೆ ಸಿಕ್ಕ. ಅವನನ್ನು ಸೋಲಿಸಿದವನು ಯಾರು ಗೊತ್ತಾ? ಸ್ವೀಡಿಷರ ಸೆರೆಯಿಂದ ಹೊರಬಂದಿದ್ದ ಅದೇ ಗೊಸಿಯೆವ್‌ಸ್ಕಿ. ಸೆರೆ ಬಹಳ ದಿನ ನಡೆಯಲಿಲ್ಲ. ಅದೇ ಡಿಸೆಂಬರಿನಲ್ಲಿ ರಾಡ್ನೋಟ್ ಎಂಬಲ್ಲಿ ಸ್ವೀಡನ್ನೂ ಅದರ ಮಿತ್ರರೂ ಸೇರಿ ಇಡೀ ಒಕ್ಕೂಟವನ್ನು ಹಂಚಿಕೊಳ್ಳುವ ಯೋಜನೆ ಹಾಕಿದರು. ಅದರಲ್ಲಿ ಬೊಗುಸ್ಲಾವಾಸ್‌ಗೂ ನೊವೊಗ್ರುಡೆಕ್ ಪ್ರಾಂತ್ಯದ ಪಾಲಿತ್ತು. ಅದೂ ನಡೆಯಲಿಲ್ಲ.

1657ರಲ್ಲಿ ಅವನು ಪ್ರಷ್ಯಾದಲ್ಲಿ ರಾಜ್ಯಪಾಲನಾದ. 1660ರ ಶಾಂತಿಯ ನಂತರ ಕ್ಷಮೆ ಸಿಕ್ಕಿತು, ಆಸ್ತಿಯೂ ಉಳಿಯಿತು. 1665ರಲ್ಲಿ ಯೋನುಷಾಸ್‌ನ ಮಗಳು ಆನಾ ಮರಿಯಾಳನ್ನು ಮದುವೆಯಾದ. ಹೌದು, ಅಣ್ಣನಂತಿದ್ದವನ ಮಗಳನ್ನು ಎಂದು ನಮ್ಮವರು ಹುಬ್ಬೇರಿಸುತ್ತಾರೆ. ವಂಶದ ಆಸ್ತಿ ಹೊರಗೆ ಹೋಗಬಾರದು ಎಂಬ ಲೆಕ್ಕ ಅದು. 1669ರ ಡಿಸೆಂಬರ್ 31ರಂದು ತೀರಿಕೊಂಡ.

ಯುದ್ಧ ಮುಗಿದದ್ದು ಯಾವಾಗ? ಯಾರಿಗೆ ಏನು ಸಿಕ್ಕಿತು?

ಸ್ವೀಡನ್ನಿನ ಜೊತೆಗಿನ ಯುದ್ಧ 1660ರ ಒಲಿವಾ ಶಾಂತಿಯಲ್ಲಿ ಮುಗಿಯಿತು. ಕಾರ್ಲ್ ಗುಸ್ತಾವ್ ಆ ಫೆಬ್ರವರಿಯಲ್ಲೇ ಸತ್ತಿದ್ದ. ಯಾನ್ ಕಾಜಿಮಿಯೆಷ್ ಸ್ವೀಡನ್ ಪಟ್ಟದ ಮೇಲಿನ ಹಕ್ಕು ಬಿಟ್ಟ. ಲಿವೋನಿಯಾದ ಹೆಚ್ಚಿನ ಭಾಗ ಸ್ವೀಡನ್ನಿಗೇ ಉಳಿಯಿತು. ಲಿಥುವೇನಿಯಾ ಅದರ ಕೈಗೆ ಬರಲಿಲ್ಲ. ವಿಲ್ನಿಯಸ್ ಕೋಟೆಯಲ್ಲಿದ್ದ ರಷ್ಯನ್ ಪಡೆಯನ್ನು ಹೊರಹಾಕಿದ್ದು 1661ರ ಕೊನೆಯಲ್ಲಿ. ಮಾಸ್ಕೋ ಜೊತೆಗಿನ ಯುದ್ಧ ನಿಂತದ್ದು 1667ರಲ್ಲಿ, ಅಂದ್ರುಸೊವೊದಲ್ಲಿ. ಸ್ಮೊಲೆನ್ಸ್ಕ್ ಹೋಯಿತು. ಯುದ್ಧ, ಬರ, ಪ್ಲೇಗ್ ಸೇರಿ ಗ್ರ್ಯಾಂಡ್ ಡಚಿಯ ಜನಸಂಖ್ಯೆ ಅರ್ಧಕ್ಕೆ ಹತ್ತಿರ ಇಳಿಯಿತು ಎಂಬುದು ಇತಿಹಾಸಕಾರರ ಅಂದಾಜು.

ಇನ್ನೂ ಆಳಕ್ಕೆ ಹೋಗುವವರಿಗೆ

ಒಂದೇ ಮಾತಲ್ಲಿ ಹೇಳಿ: ರಾದ್ವಿಲಾ ದ್ರೋಹಿಯಾ, ದೇಶಭಕ್ತನಾ?

ಒಂದೇ ಮಾತಲ್ಲಿ ಹೇಳಿದರೆ ಅವನಿಗೂ ಅನ್ಯಾಯ, ಅವನ ಕೈಯಲ್ಲಿ ನೊಂದವರಿಗೂ ಅನ್ಯಾಯ.

ಪೋಲೆಂಡಿನಲ್ಲಿ ಅವನು ದ್ರೋಹಿ ಎಂದೇ ಪ್ರಸಿದ್ಧ. ಅದಕ್ಕೆ ದೊಡ್ಡ ಕಾರಣ 1886ರಲ್ಲಿ ಪೂರ್ಣವಾಗಿ ಹೊರಬಂದ ಹೆನ್ರಿಕ್ ಸಿಯೆನ್ಕಿಯೆವಿಚ್‌ನ ‘ಪೊಟೊಪ್’ ಕಾದಂಬರಿ. ಅಂದರೆ ಮಹಾಪೂರ. ಪೋಲೆಂಡ್ ನಕ್ಷೆಯಲ್ಲೇ ಇಲ್ಲದ ಕಾಲದಲ್ಲಿ ಜನರಿಗೆ ಧೈರ್ಯ ತುಂಬಲು ಬರೆದದ್ದು ಅದು. ತಲೆಮಾರುಗಳ ಪೋಲಿಷ್ ಮಕ್ಕಳು ರಾದ್ವಿಲಾನನ್ನು ನೋಡಿದ್ದು ಆ ಕಣ್ಣಿನಿಂದಲೇ. ಲಿಥುವೇನಿಯಾದಲ್ಲಿ ನೋಟ ಬೇರೆ. ಪೋಲೆಂಡಿನ ನೆರಳಿನಿಂದ ಹೊರಬರಲು ನೋಡಿದವನು ಎಂದು ಅಲ್ಲಿ ಅವನ ಬಗ್ಗೆ ಮೆಚ್ಚುಗೆ ಇದೆ. ಕೇದೈನಿಯಾಯ್‌ನಲ್ಲಿ ಅವನ ಪ್ರತಿಮೆಯೇ ಇದೆ.

ನನ್ನ ಅಭಿಪ್ರಾಯ ಹೇಳುತ್ತೇನೆ. ರಾಜ ಇಲ್ಲ, ರಾಜಧಾನಿ ಇಲ್ಲ, ಸೈನ್ಯ ಸೋತಿದೆ. ಆಗ ಒಬ್ಬ ಮಹಾದಂಡನಾಯಕ ಯಾರಾದರೊಬ್ಬರ ರಕ್ಷಣೆ ಹುಡುಕಲೇಬೇಕಿತ್ತು. ಆಗಸ್ಟಿನ ಒಪ್ಪಂದವನ್ನು ದ್ರೋಹ ಎನ್ನಲು ನನಗೆ ಮನಸ್ಸಿಲ್ಲ. ಅಕ್ಟೋಬರಿನದು ಬೇರೆ ಮಾತು. ಅಷ್ಟು ಹೊತ್ತಿಗೆ ಸ್ವೀಡನ್ ರಷ್ಯನ್ನರ ವಿರುದ್ಧ ಬೆರಳೂ ಎತ್ತಿರಲಿಲ್ಲ, ಸೈನ್ಯದ ದೊಡ್ಡ ಭಾಗ ಬಿಟ್ಟು ಹೋಗಿತ್ತು. ಆದರೂ ಅವನು ಇನ್ನಷ್ಟು ಬಿಟ್ಟುಕೊಟ್ಟ, ಮನೆತನಕ್ಕೆ ಸಂಸ್ಥಾನದ ಮಾತನ್ನೂ ಸೇರಿಸಿದ. ದೇಶದ ಚಿಂತೆಯೂ ಮನೆತನದ ಆಸೆಯೂ ಅವನಲ್ಲಿ ಬೆರೆತುಹೋಗಿದ್ದವು. ಅಂದಿನ ದೊಡ್ಡ ಮನೆತನದವರಿಗೆ ಅವೆರಡೂ ಬೇರೆ ಎಂದು ಅನಿಸುತ್ತಿರಲಿಲ್ಲ.

ಪೋಲಿಷ್ ಸರದಾರರೂ ಸ್ವೀಡನ್ನಿಗೆ ಶರಣಾದರಲ್ಲ, ಅವರನ್ನು ಯಾಕೆ ಯಾರೂ ಬೈಯುವುದಿಲ್ಲ?

ಒಳ್ಳೆಯ ಪ್ರಶ್ನೆ. 1655ರ ಜುಲೈ 25ರಂದು, ಕೇದೈನಿಯಾಯ್‌ಗಿಂತ ಮೂರು ವಾರ ಮೊದಲೇ, ಪಶ್ಚಿಮ ಪೋಲೆಂಡಿನ ಸರದಾರರ ಪಡೆ ಉಯ್ಷ್ಚೆ ಎಂಬಲ್ಲಿ ಶರಣಾಗಿತ್ತು. ಅದರ ಮುಂದಾಳುಗಳಲ್ಲಿ ಕ್ರಿಷ್ಟೊಫ್ ಒಪಾಲಿನ್‌ಸ್ಕಿ ಒಬ್ಬ. ಅವರ ಬೆನ್ನಿಗೆ ರಷ್ಯನ್ ಸೈನ್ಯ ಇರಲಿಲ್ಲ. ಶರತ್ಕಾಲದಲ್ಲಿ ಪೋಲೆಂಡಿನ ವೃತ್ತಿ ಸೈನಿಕರೂ ಕಾರ್ಲ್ ಗುಸ್ತಾವ್‌ನ ಕಡೆ ಹೋದರು. ಅವರಲ್ಲಿ ಯಾನ್ ಸೊಬಿಯೆಸ್ಕಿಯೂ ಇದ್ದ. ಮುಂದೆ 1683ರಲ್ಲಿ ವಿಯೆನ್ನಾದ ಎದುರು ತುರ್ಕರನ್ನು ಸೋಲಿಸಿ ಯುರೋಪಿನ ವೀರನಾದ ರಾಜ ಅವನೇ.

ಒಪಾಲಿನ್‌ಸ್ಕಿಗೆ ಕೆಟ್ಟ ಹೆಸರು ತಪ್ಪಲಿಲ್ಲ. ಆದರೆ ಸೊಬಿಯೆಸ್ಕಿಯಂಥವರು 1656ರ ವಸಂತದಲ್ಲಿ ಹೊರಳಿ ರಾಜನ ಕಡೆ ಬಂದರು. ಆ ಹೊತ್ತಿಗೆ ರಾದ್ವಿಲಾ ಬದುಕಿರಲಿಲ್ಲ. ವಾಪಸ್ ಬರುವ ಅವಕಾಶ ಅವನಿಗೆ ಸಿಗಲೇ ಇಲ್ಲ. ಜೊತೆಗೆ ಉಳಿದವರು ರಾಜನನ್ನು ಬದಲಿಸಿದ್ದರು ಅಷ್ಟೆ. ರಾದ್ವಿಲಾ ಪೋಲೆಂಡ್–ಲಿಥುವೇನಿಯಾ ಒಕ್ಕೂಟವನ್ನೇ ಬಿಡಿಸಲು ಹೋಗಿದ್ದ. ಪೋಲಿಷರ ಸಿಟ್ಟು ಇದಕ್ಕೇ ಜಾಸ್ತಿ.

ಒಪ್ಪಂದ ಉಳಿದಿದ್ದರೆ ಲಿಥುವೇನಿಯಾಕ್ಕೆ ಒಳ್ಳೆಯದಾಗುತ್ತಿತ್ತಾ?

ನನಗೆ ಹಾಗೆ ಅನಿಸುವುದಿಲ್ಲ. ಸ್ವೀಡನ್ ಚಿಕ್ಕ ದೇಶ. ಸಮುದ್ರದಾಚೆಯ ಇಷ್ಟು ಅಗಲದ ನೆಲವನ್ನು ರಷ್ಯಾದಿಂದ ಕಾಪಾಡುವಷ್ಟು ಜನಬಲ ಅದಕ್ಕಿರಲಿಲ್ಲ. 1657ರಲ್ಲಿ ಡೆನ್ಮಾರ್ಕ್ ಯುದ್ಧ ಸಾರಿದಾಗ ಕಾರ್ಲ್ ಗುಸ್ತಾವ್ ಪೋಲೆಂಡ್ ಬಿಟ್ಟು ಅತ್ತ ಓಡಿದ. ಲಿಥುವೇನಿಯಾ ಅವನಿಗೆ ಯಾವತ್ತೂ ಎರಡನೇ ಅಥವಾ ಮೂರನೇ ಚಿಂತೆ.

1655ರ ಕೊನೆಗೆ ಲಿಥುವೇನಿಯಾದ ನಿಜವಾದ ದೊರೆ ಯಾರು?

ಕಾಗದದ ಪ್ರಕಾರ ಮೂವರು. ಯಾನ್ ಕಾಜಿಮಿಯೆಷ್ ಬಿರುದು ಬಿಟ್ಟಿರಲಿಲ್ಲ. ವಿಲ್ನಿಯಸ್ ಗೆದ್ದ ತ್ಸಾರ್ ಅಲೆಕ್ಸೆಯ್ ಸೆಪ್ಟೆಂಬರಿನಲ್ಲಿ ತಾನೇ ಲಿಥುವೇನಿಯಾದ ಗ್ರ್ಯಾಂಡ್ ಡ್ಯೂಕ್ ಎಂಬ ಬಿರುದು ಸೇರಿಸಿಕೊಂಡ. ಅಕ್ಟೋಬರಿನಲ್ಲಿ ಕಾರ್ಲ್ ಗುಸ್ತಾವ್ ಮೂರನೆಯವನಾದ. ನೆಲದ ಮೇಲೆ ನೋಡಿದರೆ ಪೂರ್ವ, ವಿಲ್ನಿಯಸ್, ಕೌನಾಸ್ ರಷ್ಯನ್ನರ ಕೈಯಲ್ಲಿ, ವಾಯವ್ಯ ಸ್ವೀಡಿಷರ ಕೈಯಲ್ಲಿ. ರಾಜನ ಕಡೆಯವರು ನೈಋತ್ಯದಲ್ಲಿ ಪಡೆ ಕೂಡಿಸುತ್ತಿದ್ದರು. ರೈತನ ಮನೆಗೆ ಮೂರೂ ಕಡೆಯ ಕುದುರೆ ಸವಾರರು ಬಂದು ಮೇವು ಕೇಳುತ್ತಿದ್ದರು.

ಒಂದೇ ಘಟನೆಗೆ ಪುಸ್ತಕಗಳಲ್ಲಿ ಬೇರೆ ಬೇರೆ ತಾರೀಖು ಯಾಕೆ?

ಕ್ಯಾಲೆಂಡರ್ ಬೇರೆ ಇದ್ದುದರಿಂದ. ಪೋಲೆಂಡ್–ಲಿಥುವೇನಿಯಾ 1582ರಲ್ಲೇ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬದಲಾಗಿತ್ತು. ಸ್ವೀಡನ್, ರಷ್ಯಾ ಹಳೆಯ ಜೂಲಿಯನ್ ಕ್ಯಾಲೆಂಡರಿನಲ್ಲೇ ಇದ್ದವು. 17ನೇ ಶತಮಾನದಲ್ಲಿ ಎರಡಕ್ಕೂ 10 ದಿನ ವ್ಯತ್ಯಾಸ. ಒಲಿವಾ ಶಾಂತಿ ಒಂದು ಕಡೆ ಏಪ್ರಿಲ್ 23, ಇನ್ನೊಂದು ಕಡೆ ಮೇ 3. ಇಲ್ಲಿ ಕೊಟ್ಟಿರುವುದು ಹೊಸ ಕ್ಯಾಲೆಂಡರಿನ ತಾರೀಖುಗಳು.

ಈಗ ಅಲ್ಲಿಗೆ ಹೋದರೆ ನೋಡಲು ಏನಾದರೂ ಉಳಿದಿದೆಯಾ?

ಕೇದೈನಿಯಾಯ್‌ಗೆ ಹೋಗಿ. ಹಳೆಯ ಮಾರುಕಟ್ಟೆ ಚೌಕದ ಬಳಿ 17ನೇ ಶತಮಾನದ ಪುರಭವನ ಇದೆ. ಸ್ಕಾಟ್ ವ್ಯಾಪಾರಿಗಳ ಮನೆಗಳು ಉಳಿದಿವೆ. ಮುಖ್ಯವಾಗಿ ಕ್ಯಾಲ್ವಿನ್ ಪಂಥದ ದೊಡ್ಡ ಚರ್ಚು ನೋಡಬೇಕು. ಯೋನುಷಾಸ್‌ನ ತಂದೆಯ ಕಾಲದಲ್ಲಿ, 1631ರಲ್ಲಿ, ಕಟ್ಟಲು ಶುರುಮಾಡಿ ಮಗನ ಕಾಲದಲ್ಲಿ ಮುಗಿಸಿದ್ದು. ಅದರ ನೆಲಮಾಳಿಗೆಯಲ್ಲಿ ರಾದ್ವಿಲಾಗಳ ಲೋಹದ ಶವಪೆಟ್ಟಿಗೆಗಳಿವೆ. ಯೋನುಷಾಸ್‌ನದೂ ಅಲ್ಲೇ ಇದೆ, ಪಕ್ಕದಲ್ಲಿ ಎಳೆಯ ವಯಸ್ಸಿನಲ್ಲಿ ತೀರಿದ ಅವನ ಒಡಹುಟ್ಟಿದವರ ಪುಟ್ಟ ಪೆಟ್ಟಿಗೆಗಳೂ ಇವೆ. ಬಿರ್ಝೈ ಕೋಟೆಯೂ ನೋಡುವಂಥದ್ದು, ಅದು ಲಿಥುವೇನಿಯಾದ ಉತ್ತರದ ತುದಿಯಲ್ಲಿದೆ.

ಇಂಥದ್ದೇ ಬೇರೆ ಒಪ್ಪಂದಗಳ ಬಗ್ಗೆ ಓದಬೇಕೆಂದರೆ ಎಲ್ಲಿಂದ ಶುರು ಮಾಡಲಿ?

1658ರ ಹಾದಿಯಾಚ್ ಒಪ್ಪಂದದಿಂದ. ಖ್ಮೆಲ್ನಿತ್ಸ್ಕಿ ಸತ್ತ ಮರುವರ್ಷ ಕೊಸಾಕರ ನಾಯಕ ಇವಾನ್ ವಿಹೊವ್‌ಸ್ಕಿ ಮಾಸ್ಕೋ ಬಿಟ್ಟು ಪೋಲೆಂಡ್–ಲಿಥುವೇನಿಯಾ ಕಡೆ ಹೊರಳಿದ. ಉಕ್ರೇನಿನ ನೆಲ ಒಕ್ಕೂಟದ ಮೂರನೇ ಸದಸ್ಯನಾಗಬೇಕು ಎಂಬುದು ಅದರ ತಿರುಳು. 1659ರಲ್ಲಿ ಸೆಯ್ಮ್ ಒಪ್ಪಿಗೆಯೂ ಸಿಕ್ಕಿತು. ಆದರೆ ಒಪ್ಪಂದದ ಎಷ್ಟೋ ಮಾತುಗಳನ್ನು ತೆಳು ಮಾಡಿದ ಮೇಲೆ. ಅದೇ ವರ್ಷ ಕೊಸಾಕರೇ ವಿಹೊವ್‌ಸ್ಕಿಯನ್ನು ಇಳಿಸಿದರು. ಕೇದೈನಿಯಾಯ್‌ನಲ್ಲಿ ಸೈನ್ಯ ಕೈಬಿಟ್ಟ ನಾಯಕ, ಹಾದಿಯಾಚ್‌ನಲ್ಲಿ ಜನ ಕೈಬಿಟ್ಟ ನಾಯಕ. ಎರಡನ್ನೂ ಒಟ್ಟಿಗೆ ಓದಿ. ಆ ಹತ್ತು ವರ್ಷಗಳಲ್ಲಿ ಪೂರ್ವ ಯುರೋಪಿನ ಜನ ಯಾವ ದೊರೆಯ ಕೆಳಗೆ ಬದುಕಬಹುದು ಎಂದು ಎಷ್ಟು ದಾರಿ ಹುಡುಕಿದರು ಎನ್ನುವುದು ಆಗ ಕಾಣುತ್ತದೆ.